ಭದ್ರಾವತಿಯ ಕುಲುಮೆ, ಪೊಹಾಂಗಿನ ಕುಲುಮೆ

ಪ್ರತಿ ವರ್ಷ ಹತ್ತನೆಯ ತರಗತಿಗೆ ಲೋಹಗಳ ಪಾಠ ಮಾಡುವಾಗ ನಾನು ಕಪ್ಪುಹಲಗೆಯ ಮೇಲೆ ಊದುಕುಲುಮೆಯ ಚಿತ್ರ ಬರೆಯುತ್ತೇನೆ. ಪಠ್ಯಪುಸ್ತಕ ಎಷ್ಟು ಸಲ ಬದಲಾದರೂ ಈ ಚಿತ್ರವನ್ನು ಮಾತ್ರ ನಾನು ಬಿಟ್ಟಿಲ್ಲ. ಮೇಲಿನಿಂದ ಅದಿರು, ಕೋಕ್, ಸುಣ್ಣಕಲ್ಲು; ಕೆಳಗಿನಿಂದ ಬಿಸಿಗಾಳಿ; ತಳದಲ್ಲಿ ಕರಗಿದ ಕಬ್ಬಿಣ, ಅದರ ಮೇಲೆ ತೇಲುವ ಕಿಟ್ಟ. ಸಮೀಕರಣಗಳನ್ನು ಬರೆಸಿದ ಮೇಲೆ, ‘ಇಂಥದ್ದೊಂದು ಕುಲುಮೆ ನಮ್ಮ ಭದ್ರಾವತಿಯಲ್ಲೇ ಇದೆ’ ಎಂದು ಸೇರಿಸುವುದು ರೂಢಿಯಾಗಿತ್ತು. ಈಚಿನ ವರ್ಷಗಳಲ್ಲಿ ಆ ವಾಕ್ಯದ ಕೊನೆಯ ಪದವನ್ನು ‘ಇತ್ತು’ ಎಂದು ತಿದ್ದಿಕೊಂಡಿದ್ದೇನೆ.

ಹೀಗೆ ತಿದ್ದಿಕೊಂಡ ವರ್ಷವೇ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: ‘ಸಾರ್, ನಷ್ಟ ಆಗುತ್ತೆ ಅಂತ ಗೊತ್ತಿದ್ದೂ ಸರ್ಕಾರ ಕಾರ್ಖಾನೆ ಯಾಕೆ ಕಟ್ಟುತ್ತೆ? ಕಷ್ಟಪಟ್ಟು ಕಟ್ಟಿದ ಮೇಲೆ ಯಾಕೆ ಮುಚ್ಚುತ್ತೆ?’

ಎರಡೂ ಒಳ್ಳೆಯ ಪ್ರಶ್ನೆಗಳು. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಉತ್ತರಿಸಿ ಮುಗಿಸುವಂಥವಲ್ಲ. ಅರ್ಥಶಾಸ್ತ್ರ ನನ್ನ ವಿಷಯವೂ ಅಲ್ಲ. ಆದರೆ ಪ್ರಶ್ನೆ ಹುಟ್ಟಿದ್ದು ನನ್ನ ಪಾಠದಲ್ಲಿ. ಹಾಗಾಗಿ ಓದಿ, ಯೋಚಿಸಿ, ಅವಳಿಗೆ ಕೊಡಬೇಕೆಂದಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಶ್ರೀಗಂಧ ಕಲಿಸಿದ ಪಾಠ

ಬಡ ದೇಶವೊಂದು ಕೈಗಾರಿಕೆ ಬೆಳೆಸಬೇಕಾದರೆ ಸರ್ಕಾರ ಮುಂದೆ ಬರಬೇಕೆ, ಇಲ್ಲವೇ ವ್ಯಾಪಾರಿಗಳಿಗೆ ಬಿಟ್ಟು ಸುಮ್ಮನಿರಬೇಕೆ? ಈ ಚರ್ಚೆ ಬಹಳ ಹಳೆಯದು. 1791ರಲ್ಲಿ ಅಮೆರಿಕದ ಅಲೆಕ್ಸಾಂಡರ್ ಹ್ಯಾಮಿಲ್ಟನ್, 1841ರಲ್ಲಿ ಜರ್ಮನಿಯ ಫ್ರೆಡರಿಕ್ ಲಿಸ್ಟ್ ಒಂದೇ ಬಗೆಯ ವಾದ ಮಂಡಿಸಿದ್ದರು. ಹೊಸದಾಗಿ ಹುಟ್ಟಿದ ಕೈಗಾರಿಕೆ ಎಳೆಯ ಮಗುವಿದ್ದಂತೆ. ಬೆಳೆದು ನಿಂತ ವಿದೇಶಿ ಪೈಲ್ವಾನರೊಡನೆ ಅದನ್ನು ಮೊದಲ ದಿನವೇ ಕುಸ್ತಿಗೆ ಬಿಟ್ಟರೆ ಮಗು ಉಳಿಯುವುದಿಲ್ಲ. ಕೆಲವು ಕಾಲ ಸುಂಕದ ಬೇಲಿ ಕಟ್ಟಿ ಕಾಪಾಡಬೇಕು. ಇಷ್ಟೇ ಆ ವಾದದ ತಿರುಳು. ಇದರಲ್ಲಿ ಬಹಳ ಮುಖ್ಯವಾದ ಮಾತು ‘ಕೆಲವು ಕಾಲ’ ಎಂಬುದು. ಅದನ್ನು ಮರೆತವರೇ ಹೆಚ್ಚು.

ನಮ್ಮ ಹಳೆಯ ಮೈಸೂರು ಸಂಸ್ಥಾನ ಈ ವಾದವನ್ನು ಕೈಯಾರೆ ಪರೀಕ್ಷಿಸಿ ನೋಡಿದ ಪ್ರಯೋಗಶಾಲೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ಯೋಜನೆ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿತು. ಸುಮಾರು 150 ಕಿಲೋಮೀಟರ್ ಉದ್ದದ ಆ ತಂತಿ ಮಾರ್ಗ ಆ ಕಾಲಕ್ಕೆ ಜಗತ್ತಿನ ಬಹು ಉದ್ದದ ಮಾರ್ಗಗಳಲ್ಲಿ ಒಂದು. 1912ರಲ್ಲಿ ದಿವಾನರಾದ ಎಂ. ವಿಶ್ವೇಶ್ವರಯ್ಯನವರು ಇನ್ನೂ ಮುಂದೆ ಹೋದರು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ ಹುಟ್ಟಿದವು. ಸಾಲ, ವಿದ್ಯುತ್ತು, ವಿದ್ಯೆ ಈ ಮೂರೂ ಇಲ್ಲದೆ ಕಾರ್ಖಾನೆ ನಡೆಯದೆಂಬುದು ಅವರಿಗೆ ತಿಳಿದಿತ್ತು.

ಆಗ ಬಂತು 1914ರ ಮಹಾಯುದ್ಧ. ಮೈಸೂರಿನ ಶ್ರೀಗಂಧದ ಕೊರಡುಗಳು ಅಲ್ಲಿಯವರೆಗೆ ಹಡಗು ಹತ್ತಿ ಯೂರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗುತ್ತಿದ್ದವು. ಎಣ್ಣೆ ತೆಗೆಯುವವರು ಅವರು. ಕಟ್ಟಿಗೆ ಮಾರುವವರು ನಾವು. ಯುದ್ಧ ಈ ವ್ಯಾಪಾರವನ್ನು ನಿಲ್ಲಿಸಿತು. ಕೊರಡುಗಳು ಗೋದಾಮಿನಲ್ಲಿ ಉಳಿದವು. ಇನ್ನೊಬ್ಬರಾಗಿದ್ದರೆ ಯುದ್ಧ ಮುಗಿಯಲಿ ಎಂದು ಕಾಯುತ್ತಿದ್ದರೇನೋ. ಕೈಗಾರಿಕಾ ನಿರ್ದೇಶಕರಾಗಿದ್ದ ಆಲ್ಫ್ರೆಡ್ ಚಾಟರ್ಟನ್ ಅವರ ಮುತುವರ್ಜಿಯಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನ ವಿಜ್ಞಾನಿಗಳು ಎಣ್ಣೆ ಬಟ್ಟಿ ಇಳಿಸುವ ವಿಧಾನವನ್ನು ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆಯ ಕಾರ್ಖಾನೆ ಆರಂಭವಾಯಿತು. ಬೆನ್ನಿಗೇ ಮೈಸೂರಿನಲ್ಲಿ ಇನ್ನೊಂದು. 1918ರಲ್ಲಿ ಸಾಬೂನು ಬಂತು. ಅದಕ್ಕಾಗಿ ಎಸ್.ಜಿ. ಶಾಸ್ತ್ರಿಯವರು ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದಿದ್ದರು.

ಈ ಕತೆಯಲ್ಲಿ ಸರ್ಕಾರ ಮಾಡಿದ್ದೇನು? ಪ್ರಯೋಗಾಲಯಕ್ಕೆ ಹಣ ಕೊಟ್ಟಿತು, ಜನರನ್ನು ತರಬೇತಿಗೆ ಕಳಿಸಿತು, ಮೊದಲ ಬಂಡವಾಳ ಹಾಕಿತು. ಆದರೆ ಗಂಧದೆಣ್ಣೆಯನ್ನು ಕೊಳ್ಳಬೇಕಾದವರು ಹೊರ ದೇಶದವರು. ಎಣ್ಣೆ ಚೆನ್ನಾಗಿಲ್ಲದಿದ್ದರೆ ಅವರು ಕೊಳ್ಳುತ್ತಿರಲಿಲ್ಲ. ಅಂದರೆ ಈ ಮಗು ಹುಟ್ಟಿದ ವರ್ಷವೇ ಪರೀಕ್ಷೆಗೆ ಕೂತಿತು, ಪಾಸೂ ಆಯಿತು. ನೂರು ವರ್ಷ ದಾಟಿದ ಮೇಲೂ ಮೈಸೂರು ಸ್ಯಾಂಡಲ್ ಸಾಬೂನು ರಾಜ್ಯ ಸರ್ಕಾರದ ಒಡೆತನದಲ್ಲೇ ಉಳಿದು ಲಾಭ ಗಳಿಸುತ್ತಿದೆ. ಈಚಿನ ವರ್ಷಗಳಲ್ಲಿ ಅದರ ವಾರ್ಷಿಕ ವಹಿವಾಟು ಸಾವಿರದ ಐನೂರು ಕೋಟಿ ರೂಪಾಯಿ ಮೀರಿದೆ.

ಇದೇ ಕತೆಗೆ ಒಂದು ಬಾಲವೂ ಉಂಟು. ಟಿಪ್ಪುವಿನ ಕಾಲದಿಂದಲೂ ಶ್ರೀಗಂಧ ಅರಸರ ಮರ. ರೈತನ ಹೊಲದಲ್ಲಿ ಹುಟ್ಟಿದರೂ ಅದು ಸರ್ಕಾರದ್ದು. ತನ್ನದಲ್ಲದ ಮರವನ್ನು ಕಾಯುವ ರೈತ ಎಲ್ಲಿದ್ದಾನೆ? ಬದುವಿನಲ್ಲಿ ಗಂಧದ ಸಸಿ ಕಂಡರೆ ಮುಂದೆ ಕೋರ್ಟು ಕಚೇರಿಯ ತಾಪತ್ರಯ ಯಾಕೆಂದು ಕಿತ್ತೆಸೆಯುವವರಿದ್ದರು. ಉಳಿದದ್ದನ್ನು ಕಳ್ಳರು ಕಡಿದರು. 2001ರಲ್ಲಿ ಕಾನೂನು ತಿದ್ದುಪಡಿಯಾಗಿ ರೈತ ತನ್ನ ಜಮೀನಿನ ಗಂಧದ ಮರಕ್ಕೆ ತಾನೇ ಒಡೆಯ ಎಂದಾಗುವಷ್ಟರಲ್ಲಿ ಕಾಡು ಬಹುಪಾಲು ಬರಿದಾಗಿತ್ತು. ಕಾರ್ಖಾನೆ ಕಟ್ಟಿದ ಅದೇ ಸರ್ಕಾರ, ಅದರ ಕಚ್ಚಾವಸ್ತುವನ್ನು ಬೆಳೆಯುವವನನ್ನು ಮರೆತಿತ್ತು.

ಇದ್ದಿಲಿನ ಕಬ್ಬಿಣ

ಈಗ ಭದ್ರಾವತಿಗೆ ಬರೋಣ. ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾದದ್ದು 1918ರಲ್ಲಿ. ಕಬ್ಬಿಣ ಹರಿದದ್ದು 1923ರಲ್ಲಿ. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ, ನೀರು ಭದ್ರಾ ನದಿಯಿಂದ. ಇಂಧನ? ಇಲ್ಲಿಯೇ ತೊಡಕು. ಮೈಸೂರಿನಲ್ಲಿ ಕಲ್ಲಿದ್ದಲು ಇಲ್ಲ. ಇದ್ದದ್ದು ಮಲೆನಾಡಿನ ಕಾಡು. ಹಾಗಾಗಿ ಇದ್ದಿಲಿನಿಂದ ಕಬ್ಬಿಣ ಕರಗಿಸುವ ಯೋಜನೆಯಾಯಿತು. ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುವಾಗ ಬರುವ ಹೊಗೆಯನ್ನೂ ಬಿಡದೆ ತಣಿಸಿ ಮರದ ಮದ್ಯಸಾರ, ಟಾರು ಮುಂತಾದವನ್ನು ತೆಗೆಯುವ ದೊಡ್ಡ ಘಟಕವನ್ನೂ ಕಟ್ಟಿದರು. ರಸಾಯನಶಾಸ್ತ್ರದ ಮೇಷ್ಟರಾಗಿ ಹೇಳುತ್ತೇನೆ, ಆ ಕಾಲಕ್ಕೆ ಅದು ಬೆರಗು ಹುಟ್ಟಿಸುವ ಸಾಹಸ.

ಇದ್ದಿಲಿನ ಕಬ್ಬಿಣ ಗುಣದಲ್ಲಿ ಶ್ರೇಷ್ಠ. ಕೋಕಿನಲ್ಲಿರುವ ಗಂಧಕದ ಕಾಟ ಅದಕ್ಕಿಲ್ಲ. ಆದರೆ ಇದ್ದಿಲಿಗೆ ಒಂದು ದೌರ್ಬಲ್ಯವಿದೆ: ಅದು ಮೆದು. ಕುಲುಮೆ ಎತ್ತರವಾದಷ್ಟೂ ಮೇಲಿನ ಅದಿರಿನ ಭಾರಕ್ಕೆ ಕೆಳಗಿನ ಇದ್ದಿಲು ಪುಡಿಯಾಗುತ್ತದೆ. ಪುಡಿಯಾದರೆ ಗಾಳಿಯ ದಾರಿ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಇದ್ದಿಲಿನ ಕುಲುಮೆ ಸಣ್ಣದಾಗಿಯೇ ಇರಬೇಕು. ಕೋಕ್ ಗಟ್ಟಿ, ಭಾರ ಹೊರುತ್ತದೆ, ಕುಲುಮೆಯನ್ನು ಎಷ್ಟೋ ಎತ್ತರಕ್ಕೆ ಕಟ್ಟಬಹುದು.

ಎತ್ತರಕ್ಕೆ ಕಟ್ಟಿದರೆ ಏನು ಲಾಭ? ಇಲ್ಲಿ ಎಂಟನೆಯ ತರಗತಿಯ ಗಣಿತ ಸಾಕು. ಒಂದು ಪಾತ್ರೆಯ ಉದ್ದ, ಅಗಲ, ಎತ್ತರ ಮೂರನ್ನೂ ಇಮ್ಮಡಿ ಮಾಡಿದರೆ ಅದು ಹಿಡಿಯುವ ಪದಾರ್ಥ ಎಂಟು ಪಟ್ಟಾಗುತ್ತದೆ. ಹೊರಮೈ ಮಾತ್ರ ನಾಲ್ಕೇ ಪಟ್ಟು. ಶಾಖ ಸೋರುವುದು ಹೊರಮೈಯಿಂದ. ಅಂದರೆ ದೊಡ್ಡ ಕುಲುಮೆಯಲ್ಲಿ ಟನ್ನಿಗೆ ಸೋರುವ ಶಾಖ ಅರ್ಧಕ್ಕಿಳಿಯುತ್ತದೆ. ಇಟ್ಟಿಗೆ, ತಗಡು, ಆಳಿನ ಖರ್ಚೂ ಟನ್ನಿನ ಲೆಕ್ಕದಲ್ಲಿ ಇಳಿಯುತ್ತವೆ. ಕಬ್ಬಿಣದ ವ್ಯಾಪಾರದಲ್ಲಿ ದೊಡ್ಡವನು ಗೆಲ್ಲುವುದು ದೊಡ್ಡಸ್ತಿಕೆಯಿಂದಲ್ಲ, ಜ್ಯಾಮಿತಿಯಿಂದ. ಭದ್ರಾವತಿಯ ಮೊದಲ ಕುಲುಮೆ ಕೊಡುತ್ತಿದ್ದುದು ದಿನಕ್ಕೆ ನೂರು ಟನ್ನಿಗೂ ಕಡಿಮೆ.

ಇದರ ಮೇಲೆ, ಕಾರ್ಖಾನೆ ಸಿದ್ಧವಾಗುವ ಹೊತ್ತಿಗೆ ಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ 1923ರಲ್ಲಿ ಕರೆತಂದು ಆಡಳಿತ ಮಂಡಲಿಯ ಅಧ್ಯಕ್ಷರನ್ನಾಗಿ ಕೂಡಿಸಿದರು. ಕೆಲವೇ ವರ್ಷಗಳಲ್ಲಿ ಅವರು ಖರ್ಚು ಇಳಿಸಿ, ಎರಕದ ಪೈಪುಗಳ ತಯಾರಿಕೆಗೆ ಒತ್ತು ಕೊಟ್ಟು ಕಾರ್ಖಾನೆಯನ್ನು ನಿಲ್ಲಿಸಿದರು. ತಮಗೆ ಬರಬೇಕಾಗಿದ್ದ ಸಂಬಳದ ಹಣವನ್ನು ಅವರು ಕೈಯಲ್ಲಿ ಮುಟ್ಟಲಿಲ್ಲ. ಅದು ಬೆಂಗಳೂರಿನಲ್ಲಿ ಹುಡುಗರಿಗೆ ಕಸುಬು ಕಲಿಸುವ ಜಯಚಾಮರಾಜೇಂದ್ರ ಸಂಸ್ಥೆಗೆ ಮೂಲಧನವಾಯಿತು. 1936ರಲ್ಲಿ ಉಕ್ಕು, 1938ರಲ್ಲಿ ಸಿಮೆಂಟು, ಪಕ್ಕದಲ್ಲೇ ಕಾಗದದ ಕಾರ್ಖಾನೆ ಹೀಗೆ ಊರು ಬೆಳೆಯಿತು. ಸೌದೆ ಸಾಲದಾದಾಗ, ಜೋಗದ ವಿದ್ಯುತ್ತನ್ನು ನಂಬಿ ಐವತ್ತರ ದಶಕದಲ್ಲಿ ವಿದ್ಯುತ್ ಕುಲುಮೆಗಳನ್ನು ಹಾಕಿದರು. ಪ್ರತಿಯೊಂದು ಅಡಚಣೆಗೂ ಒಂದೊಂದು ಜಾಣ ಪರಿಹಾರ ಸಿಕ್ಕಿತು. ಆದರೆ ಮೂಲ ಅಡಚಣೆ, ಅಂದರೆ ಸಣ್ಣ ಗಾತ್ರ, ಹಾಗೆಯೇ ಉಳಿಯಿತು.

ಸಮುದ್ರದ ದಂಡೆಯ ಪೊಹಾಂಗ್

ಈಗ ಸ್ವಲ್ಪ ದೂರ ಹೋಗೋಣ. ದಕ್ಷಿಣ ಕೊರಿಯಾ ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ದೊಡ್ಡದಾದ ದೇಶ. 1950ರಿಂದ 1953ರವರೆಗಿನ ಯುದ್ಧದಲ್ಲಿ ನೆಲಸಮವಾಗಿತ್ತು. ಅರವತ್ತರ ದಶಕದಲ್ಲಿ ಅದು ಹೊರಗೆ ಕಳಿಸುತ್ತಿದ್ದುದು ಬಟ್ಟೆ, ಪ್ಲೈವುಡ್ ಮತ್ತು ತಲೆಗೂದಲಿನ ವಿಗ್ಗು. ಅಂಥ ದೇಶ 1968ರಲ್ಲಿ ಪೊಹಾಂಗ್ ಎಂಬ ಮೀನುಗಾರರ ಊರಿನಲ್ಲಿ ಬೃಹತ್ ಉಕ್ಕಿನ ಕಾರ್ಖಾನೆ ಕಟ್ಟುತ್ತೇನೆಂದು ಹೊರಟಿತು. ಪೋಸ್ಕೊ ಎಂದು ಇಂದು ಹೆಸರಾದ ಕಂಪನಿ ಅದೇ.

ಕೊರಿಯಾದಲ್ಲಿ ಒಳ್ಳೆಯ ಅದಿರು ಸಾಲದು, ಕೋಕ್ ಆಗುವ ಕಲ್ಲಿದ್ದಲು ಇಲ್ಲ, ಹಣವಿಲ್ಲ, ಅನುಭವವಿಲ್ಲ. ವಿಶ್ವಬ್ಯಾಂಕು ಇದು ಅಕಾಲಿಕ ಯೋಜನೆ ಎಂದಿತು. ಸಾಲ ಕೊಡಲು ಒಟ್ಟುಗೂಡಿದ್ದ ಪಾಶ್ಚಾತ್ಯ ಕಂಪನಿಗಳ ಕೂಟ ಕೈಚೆಲ್ಲಿತು. ಕಾಗದದ ಮೇಲೆ ಬ್ಯಾಂಕಿನ ಲೆಕ್ಕ ತಪ್ಪೇನೂ ಆಗಿರಲಿಲ್ಲ. ಆಗ ಕೊರಿಯಾ ಇನ್ನೊಂದು ಗಂಟಿಗೆ ಕೈ ಹಾಕಿತು. 1965ರ ಒಪ್ಪಂದದ ಪ್ರಕಾರ, ತನ್ನ ವಸಾಹತು ಆಳ್ವಿಕೆಯ ಲೆಕ್ಕ ಚುಕ್ತಾ ಮಾಡಲು ಜಪಾನು 30 ಕೋಟಿ ಡಾಲರ್ ಅನುದಾನ, 20 ಕೋಟಿ ಡಾಲರ್ ಸಾಲ ಕೊಡಬೇಕಿತ್ತು. ಅದರ ಒಂದು ಭಾಗವನ್ನು ಉಕ್ಕಿಗೆ ತಿರುಗಿಸಿದರು. ಅದು ಪರಿಹಾರದ ಹಣ, ಹಿರಿಯರ ರಕ್ತದ ಬೆಲೆ. ಸೋತರೆ ಬಲಕ್ಕೆ ತಿರುಗಿ ಎದುರಿನ ಸಮುದ್ರಕ್ಕೆ ಹಾರಿ ಸಾಯೋಣ ಎಂದು ಕಾರ್ಖಾನೆಯ ಮುಖ್ಯಸ್ಥ ಪಾರ್ಕ್ ತೇ-ಜೂನ್ ತಮ್ಮ ಕೆಲಸಗಾರರಿಗೆ ಹೇಳುತ್ತಿದ್ದುದು ಆ ದೇಶದಲ್ಲಿ ಮನೆಮಾತು.

1973ರ ಜೂನ್ ತಿಂಗಳಲ್ಲಿ ಪೊಹಾಂಗಿನ ಕುಲುಮೆಯಿಂದ ಕಬ್ಬಿಣ ಹರಿಯಿತು. ಮೊದಲ ಹಂತದ ಸಾಮರ್ಥ್ಯವೇ ವರ್ಷಕ್ಕೆ 10.3 ಲಕ್ಷ ಟನ್. ಹತ್ತೇ ವರ್ಷದಲ್ಲಿ, 1983ರ ಹೊತ್ತಿಗೆ ಅದು 91 ಲಕ್ಷ ಟನ್ನಿಗೇರಿತು. ಅದಿರು ಇಲ್ಲದಿದ್ದರೇನು, ಕುಲುಮೆ ಸಮುದ್ರದ ದಂಡೆಯಲ್ಲಿದೆ. ದೊಡ್ಡ ಹಡಗು ಅದಿರನ್ನೂ ಕಲ್ಲಿದ್ದಲನ್ನೂ ಬಾಗಿಲಿಗೇ ತಂದಿಳಿಸುತ್ತದೆ. ಉಕ್ಕು ಅಲ್ಲಿಂದಲೇ ಹಡಗು ಕಟ್ಟೆಗೆ, ಕಾರಿನ ಕಾರ್ಖಾನೆಗೆ ಹೋಗುತ್ತದೆ. ಭದ್ರಾವತಿಗೆ ಅದಿರು ಹತ್ತಿರವಿತ್ತು, ಸಮುದ್ರ ಮಾತ್ರ ಘಟ್ಟದಾಚೆ ಇತ್ತು.

ಗಾತ್ರ ಮತ್ತು ಜಾಗ ಅರ್ಧ ಉತ್ತರ. ಉಳಿದರ್ಧ ಶಿಸ್ತು. ಕೊರಿಯಾದ ಸರ್ಕಾರ ತನ್ನ ಕಂಪನಿಗಳಿಗೆ ಅಗ್ಗದ ಸಾಲ ಕೊಟ್ಟಿತು, ಆಮದಿನಿಂದ ರಕ್ಷಣೆಯನ್ನೂ ಕೊಟ್ಟಿತು. ಆದರೆ ಒಂದು ಷರತ್ತಿನ ಮೇಲೆ: ಇಷ್ಟು ದಿನಕ್ಕೆ ಇಷ್ಟು ರಫ್ತು ಆಗಬೇಕು. ಅಧ್ಯಕ್ಷ ಪಾರ್ಕ್ ಚುಂಗ್-ಹೀ ರಫ್ತಿನ ಪ್ರಗತಿಯನ್ನು ನೋಡಲು ತಿಂಗಳಿಗೊಮ್ಮೆ ಸಭೆ ನಡೆಸುತ್ತಿದ್ದರು. ಗುರಿ ಮುಟ್ಟಿದವನಿಗೆ ಇನ್ನಷ್ಟು ಸಾಲ. ಮುಟ್ಟದವನಿಗೆ ನಲ್ಲಿ ಬಂದ್. ದೇಶದೊಳಗಿನ ಗಿರಾಕಿಗೆ ಬೇರೆ ಗತಿ ಇಲ್ಲದಿರಬಹುದು. ಹೊರ ದೇಶದ ಗಿರಾಕಿಗೆ ಯಾರ ಮುಲಾಜೂ ಇಲ್ಲ. ಅವನು ಕೊಂಡರೆ ಮಾಲು ಚೆನ್ನಾಗಿದೆ ಎಂದರ್ಥ. ಶಾಲೆಯ ಭಾಷೆಯಲ್ಲಿ ಹೇಳುವುದಾದರೆ, ಕೊರಿಯಾ ವಿದ್ಯಾರ್ಥಿವೇತನ ಕೊಟ್ಟಿತು, ಜೊತೆಗೆ ಹೊರಗಿನ ಪರೀಕ್ಷಕರನ್ನು ಇಟ್ಟಿತು.

ಪರೀಕ್ಷೆಯಿಲ್ಲದ ವಿದ್ಯಾರ್ಥಿವೇತನ

ನಾವೇನು ಮಾಡಿದೆವು? 1948 ಮತ್ತು 1956ರ ಕೈಗಾರಿಕಾ ನೀತಿಗಳು ಉಕ್ಕು, ವಿದ್ಯುತ್ತು, ಭಾರೀ ಯಂತ್ರಗಳಂಥ ಬುನಾದಿ ಕೈಗಾರಿಕೆಗಳನ್ನು ಸರ್ಕಾರದ ಕೈಗೆ ಕೊಟ್ಟವು. ಅದರಲ್ಲಿ ಮೂರ್ಖತನವೇನಿರಲಿಲ್ಲ. ಸೋವಿಯತ್ ನೆರವಿನ ಭಿಲಾಯಿ, ಜರ್ಮನ್ ನೆರವಿನ ರೂರ್ಕೆಲ, ಬ್ರಿಟಿಷ್ ನೆರವಿನ ದುರ್ಗಾಪುರ ಇವನ್ನೆಲ್ಲ ಆಗಿನ ಖಾಸಗಿ ಬಂಡವಾಳಗಾರರು ತಾವಾಗಿ ಕಟ್ಟುತ್ತಿರಲಿಲ್ಲ. ಬೆಂಗಳೂರಿಗೆ ವಿಮಾನದ ಕಾರ್ಖಾನೆ 1940ರಲ್ಲೇ ಬಂದಿತ್ತು. 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಸಾವಿರಾರು ಫಿಟ್ಟರು, ಟರ್ನರು, ಎಂಜಿನಿಯರುಗಳನ್ನು ತಯಾರು ಮಾಡಿದ ಪಾಠಶಾಲೆಗಳು ಅವು. ಇಂದಿನ ಬೆಂಗಳೂರಿನ ಸಾಫ್ಟ್‌ವೇರ್ ವೈಭವದ ಕೆಳಗೆ ಆ ಕಾರ್ಖಾನೆಗಳ ಎಣ್ಣೆ ಮೆತ್ತಿದ ನೆಲ ಇದೆ ಎಂಬುದನ್ನು ನಾವು ಮರೆಯಬಾರದು.

ಎಡವಿದ್ದು ಎರಡನೆಯ ಹೆಜ್ಜೆಯಲ್ಲಿ. 1951ರ ಕಾಯಿದೆಯ ಪ್ರಕಾರ ಕಾರ್ಖಾನೆ ತೆರೆಯಲು ಪರವಾನಗಿ, ವಿಸ್ತರಿಸಲು ಪರವಾನಗಿ, ಹೊಸ ವಸ್ತು ಮಾಡಲು ಪರವಾನಗಿ. ಆಮದಿಗೆ ಬೇಲಿ ಹಾಕಿದ್ದು ಸರಿ. ಒಳಗಿನ ಪೈಪೋಟಿಗೂ ಬೇಲಿ ಹಾಕಿದೆವು. ರಕ್ಷಣೆಗೆ ಮುಕ್ತಾಯದ ದಿನಾಂಕವನ್ನೇ ಬರೆಯಲಿಲ್ಲ. ನನ್ನ ತಂದೆಯ ಕೈಯಲ್ಲಿದ್ದ ಎಚ್‌ಎಂಟಿ ಗಡಿಯಾರ ಮೂವತ್ತು ವರ್ಷ ಕರಾರುವಾಕ್ಕಾಗಿ ನಡೆಯಿತು. ಈಗಲೂ ನನ್ನ ಮೇಜಿನ ಮೇಲಿದೆ. ಮಾಡಿದವರ ಕೈಚಳಕಕ್ಕೆ ಕೊರತೆ ಇರಲಿಲ್ಲ. ಆದರೆ ಗಿರಾಕಿ ಸರದಿಯಲ್ಲಿ ಕಾಯುವ ಕಾಲದಲ್ಲಿ ಗಿರಾಕಿಯ ಮನಸ್ಸನ್ನು ಓದುವ ಅಭ್ಯಾಸ ಯಾರಿಗೂ ಬೆಳೆಯುವುದಿಲ್ಲ. ಎಂಬತ್ತರ ದಶಕದ ಕೊನೆಗೆ ಟೈಟನ್ ಮಾರುಕಟ್ಟೆಗೆ ಬಂದ ಮೇಲೆ ಕತೆ ಬದಲಾಯಿತು. 2016ರಲ್ಲಿ ಎಚ್‌ಎಂಟಿಯ ಗಡಿಯಾರ ಕಂಪನಿಯನ್ನು ಮುಚ್ಚುವ ನಿರ್ಧಾರ ಹೊರಬಿತ್ತು.

ಉಕ್ಕಿನಲ್ಲೇ ಇನ್ನೊಂದು ಉದಾಹರಣೆ ಇದೆ. ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಪ್ರಧಾನಿ ಇಂದಿರಾ ಗಾಂಧಿ ಶಂಕುಸ್ಥಾಪನೆ ಮಾಡಿದ್ದು 1971ರಲ್ಲಿ. ಅದೇ ಹೊತ್ತಿಗೆ ಪೊಹಾಂಗಿನಲ್ಲಿ ಕುಲುಮೆ ಮೇಲೇಳುತ್ತಿತ್ತು. ಪೊಹಾಂಗ್ 91 ಲಕ್ಷ ಟನ್ ಮುಟ್ಟಿದ ವರ್ಷವೂ ತೋರಣಗಲ್ಲಿನಲ್ಲಿ ಇದ್ದುದು ಆ ಕಲ್ಲು ಮಾತ್ರ. 1991ರ ಜುಲೈ 24ರಂದು ಹೊಸ ಕೈಗಾರಿಕಾ ನೀತಿ ಬಂದು, ಹದಿನೆಂಟು ಕೈಗಾರಿಕೆಗಳನ್ನುಳಿದು ಮಿಕ್ಕೆಲ್ಲಕ್ಕೂ ಪರವಾನಗಿ ರದ್ದಾದ ಮೇಲೆ, ತೊಂಬತ್ತರ ದಶಕದಲ್ಲಿ ಜಿಂದಾಲ್ ಸಮೂಹ ಅಲ್ಲಿ ಕಾರ್ಖಾನೆ ಕಟ್ಟಿತು. ಇಂದು ಅದರ ಸಾಮರ್ಥ್ಯ ವರ್ಷಕ್ಕೆ ಕೋಟಿ ಟನ್ನಿಗೂ ಮಿಕ್ಕಿದೆ. ಅದಿರು ಅದೇ, ನೆಲ ಅದೇ. ಕಳೆದುಹೋದದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷ.

ಬೆಲೆ ತೆತ್ತವರು ಯಾರು?

ಇಷ್ಟು ಓದಿದವರು ‘ಹಾಗಾದರೆ ಕೊರಿಯಾದಂತೆ ಮಾಡಿಬಿಟ್ಟರೆ ಆಯಿತಲ್ಲ’ ಎನ್ನಬಹುದು. ಅವಸರ ಬೇಡ. ಪಾರ್ಕ್ ಚುಂಗ್-ಹೀ 1961ರಲ್ಲಿ ಸೈನಿಕ ಕ್ರಾಂತಿಯಿಂದ ಅಧಿಕಾರ ಹಿಡಿದವರು. ಕಾರ್ಮಿಕರಿಗೆ ಬಾಯಿ ಬಿಡುವ ಸ್ವಾತಂತ್ರ್ಯವಿರಲಿಲ್ಲ. 1970ರ ನವೆಂಬರಿನಲ್ಲಿ ಸೋಲ್ ನಗರದ ಬಟ್ಟೆ ಹೊಲಿಯುವ ಕೆಲಸಗಾರ, ಇಪ್ಪತ್ತೆರಡರ ತರುಣ ಚೊನ್ ತೇ-ಇಲ್, ಕಾರ್ಮಿಕ ಕಾನೂನನ್ನು ಪಾಲಿಸಿರೆಂದು ಕೂಗುತ್ತಾ ಮೈಗೆ ಬೆಂಕಿ ಹಚ್ಚಿಕೊಂಡ. ಆ ದೇಶದ ರಫ್ತಿನ ಅಂಕಿಸಂಖ್ಯೆಗಳ ಪಕ್ಕದಲ್ಲಿ ಆ ಬೆಂಕಿಯನ್ನೂ ಇಟ್ಟು ನೋಡಬೇಕು. ಎಲ್ಲ ಲೆಕ್ಕವೂ ಸರಿಹೋಯಿತೆಂದೂ ಅಲ್ಲ. ಭಾರೀ ಕೈಗಾರಿಕೆಗಳಿಗೆ ಅತಿಯಾಗಿ ಹಣ ಸುರಿದುದರ ಪರಿಣಾಮವೂ ಸೇರಿ, 1980ರಲ್ಲಿ ಕೊರಿಯಾದ ಆರ್ಥಿಕತೆ ಬೆಳೆಯುವ ಬದಲು ಕುಗ್ಗಿತು.

ನಮ್ಮಲ್ಲಿ ಕಾರ್ಮಿಕ ಸಂಘ ಕಟ್ಟಬಹುದು, ರೈತ ‘ಆಗದು’ ಎನ್ನಬಹುದು. ಅದಕ್ಕೆ ಸಾಕ್ಷಿಯಾಗಿ ಅದೇ ಪೋಸ್ಕೊ ನಮ್ಮ ಮನೆ ಬಾಗಿಲಿಗೆ ಬಂದ ಕತೆಯಿದೆ. ಯಾವ ಕಾರ್ಖಾನೆ ಬೇಡವೆಂದು ವಿಶ್ವಬ್ಯಾಂಕು ಹೇಳಿತ್ತೋ ಅದೇ ಕಂಪನಿ ನಾಲ್ಕು ದಶಕಗಳ ಬಳಿಕ, 2010ರಲ್ಲಿ, ಗದಗ ಜಿಲ್ಲೆಯಲ್ಲಿ ವರ್ಷಕ್ಕೆ 60 ಲಕ್ಷ ಟನ್ನಿನ ಕಾರ್ಖಾನೆ ಕಟ್ಟಲು ನಮ್ಮ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡಿತು. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ರೈತರು ತಮ್ಮ ಎರೆ ಭೂಮಿಯನ್ನು ಬಿಡಲೊಪ್ಪಲಿಲ್ಲ. ಗದುಗಿನ ತೋಂಟದಾರ್ಯ ಮಠದ ಸ್ವಾಮಿಗಳು ಅವರ ಜೊತೆ ನಿಂತರು. 2013ರಲ್ಲಿ ಕಂಪನಿ ಯೋಜನೆಯನ್ನು ಕೈಬಿಟ್ಟಿತು. ಇದನ್ನು ಪ್ರಗತಿಯ ಸೋಲು ಎನ್ನುವವರಿದ್ದಾರೆ. ನಾನು ಹಾಗೆನ್ನಲಾರೆ. ಭೂಮಿಯ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಮಾಡುವುದು ಪ್ರಜಾಪ್ರಭುತ್ವದ ಗಣಿತ. ಅದರಲ್ಲಿ ಉತ್ತರ ಬರುವುದು ತಡವಾಗುತ್ತದೆ, ಅಷ್ಟೆ.

ಇಂದಿನ ಪರೀಕ್ಷೆ

ಈಗ ಕೈಗಾರಿಕಾ ನೀತಿ ಎಂಬ ಮಾತು ಮತ್ತೆ ಚಾಲ್ತಿಗೆ ಬಂದಿದೆ. 2020ರಲ್ಲಿ ಕೇಂದ್ರ ಸರ್ಕಾರ ಉತ್ಪಾದನೆಗೆ ತಕ್ಕ ಪ್ರೋತ್ಸಾಹಧನದ ಯೋಜನೆಯನ್ನು ತಂದಿತು. ಹದಿನಾಲ್ಕು ಕ್ಷೇತ್ರಗಳು, ಒಟ್ಟು ಗಾತ್ರ ಸುಮಾರು 1.97 ಲಕ್ಷ ಕೋಟಿ ರೂಪಾಯಿ. 2021ರಲ್ಲಿ ಅರೆವಾಹಕಗಳಿಗೆಂದು 76,000 ಕೋಟಿ ರೂಪಾಯಿಯ ಇನ್ನೊಂದು ಯೋಜನೆ ಬಂತು. ದೇವನಹಳ್ಳಿಯ ಬಳಿ ವಿದೇಶಿ ಹೆಸರಿನ ದುಬಾರಿ ಫೋನುಗಳು ಜೋಡಣೆಯಾಗುತ್ತಿವೆ. ನಮ್ಮೂರ ಕಡೆಯ ಹುಡುಗಿಯರು ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದಾರೆ.

ಹಿಂದಿನದಕ್ಕಿಂತ ಇದರಲ್ಲಿ ಒಂದು ಒಳ್ಳೆಯ ಅಂಶವಿದೆ. ಉತ್ಪಾದನೆಯ ಪ್ರೋತ್ಸಾಹಧನ ಸಿಗುವುದು ಮಾರಾಟ ಹೆಚ್ಚಾದರೆ ಮಾತ್ರ, ಅದೂ ಇಷ್ಟೇ ವರ್ಷ ಎಂಬ ಮಿತಿಯಿದೆ. ‘ಕೆಲವು ಕಾಲ’ ಎಂಬ ಮಾತು ಕೊನೆಗೂ ಕಾಗದದ ಮೇಲೆ ಬಂದಿದೆ. ಆದರೆ ಕಾಗದದ ಮೇಲಿರುವುದು ಅವಧಿ ಮುಗಿದಾಗಲೂ ಉಳಿಯಬೇಕು. ಐದು ವರ್ಷದ ಕೊನೆಗೆ ‘ಇನ್ನೈದು ವರ್ಷ ಕೊಡಿ, ಇಲ್ಲದಿದ್ದರೆ ಮುಚ್ಚುತ್ತೇವೆ’ ಎಂಬ ದನಿ ಏಳುವುದು ಸಹಜ. ಆಗ ಇಲ್ಲವೆನ್ನುವ ಗಟ್ಟಿತನ ಇದೆಯೇ? ಎರಡನೆಯದಾಗಿ, ಜೋಡಿಸುವುದು ಬೇರೆ, ಮಾಡುವುದು ಬೇರೆ. ಫೋನಿನ ಚಿಪ್ಪು ಮತ್ತು ಪರದೆಗಳಲ್ಲಿ ಬಹುಪಾಲು ಇನ್ನೂ ಹೊರಗಿನಿಂದಲೇ ಬರುತ್ತಿವೆ. ಗಂಧದ ಕೊರಡು ಮಾರುವುದಕ್ಕೂ ಎಣ್ಣೆ ತೆಗೆಯುವುದಕ್ಕೂ ಇದ್ದ ವ್ಯತ್ಯಾಸವೇ ಇದು. ಮೈಸೂರು 1916ರಲ್ಲಿ ಆ ಹೆಜ್ಜೆಯನ್ನು ದಾಟಿದ್ದು ಪ್ರಯೋಗಾಲಯದ ಬಾಗಿಲಿನಿಂದ. ಇಂದೂ ಬೇರೆ ಬಾಗಿಲು ಇರುವಂತೆ ಕಾಣುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ಬೀಗ ಹಾಕಿದ ಪ್ರಯೋಗಾಲಯ, ಧೂಳು ತಿನ್ನುವ ಬ್ಯುರೆಟ್ಟುಗಳು ಇರುವವರೆಗೂ ಚಿಪ್ಪಿನ ಕನಸಿಗೆ ಬೇರು ಎಲ್ಲಿಂದ ಬರಬೇಕು? ಮೇಷ್ಟರ ಗೊಣಗಾಟ ಎನ್ನಬೇಡಿ. ಕೈಗಾರಿಕಾ ನೀತಿಯ ಮೊದಲ ಅಧ್ಯಾಯ ಆ ಬೀಗದ ಕೈಯಲ್ಲೇ ಇದೆ.

ಆರಿದ ಕುಲುಮೆ

ಭದ್ರಾವತಿಯ ಕೊನೆಯ ಅಧ್ಯಾಯಗಳು ಸಂತೋಷದವಲ್ಲ. 1989ರಲ್ಲಿ ಕಾರ್ಖಾನೆ ಕೇಂದ್ರದ ಉಕ್ಕು ಪ್ರಾಧಿಕಾರದ ತೆಕ್ಕೆಗೆ ಹೋಯಿತು. 1998ರಲ್ಲಿ ಅದರಲ್ಲೇ ವಿಲೀನವಾಯಿತು. ಬೇರೆ ಬೇರೆ ರಾಜ್ಯಗಳ ದೈತ್ಯ ಕಾರ್ಖಾನೆಗಳ ನಡುವೆ ಇದು ಕಿರಿಯ ಸೊಸೆ. ಹೊಸ ಬಂಡವಾಳ ಬರಲಿಲ್ಲ. ದುಡಿಯುವ ಸ್ವಂತ ಗಣಿ ಇಲ್ಲದೆ ಅದಿರನ್ನೂ ಕೊಳ್ಳಬೇಕಾಯಿತು. 2016ರಲ್ಲಿ ಮಾರಾಟಕ್ಕೆ ತಾತ್ವಿಕ ಒಪ್ಪಿಗೆ ಸಿಕ್ಕಿತು. ಕೊಳ್ಳುವವರು ಬರದೆ 2022ರಲ್ಲಿ ಆ ಪ್ರಯತ್ನವನ್ನು ಕೈಬಿಟ್ಟರು. 2023ರ ಜನವರಿಯಲ್ಲಿ, ಉತ್ಪಾದನೆ ಆರಂಭವಾಗಿ ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲಿ, ಮುಚ್ಚುವ ನಿರ್ಧಾರ ಪ್ರಕಟವಾಯಿತು. ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಆಗಸ್ಟಿನಲ್ಲಿ ಸರಳು ಎಳೆಯುವ ಗಿರಣಿ ಮತ್ತೆ ತಿರುಗಿತು. ಆದರೆ ಅದಿರನ್ನು ಕರಗಿಸುವ ಕೆಲಸ ಅದಕ್ಕೂ ಕೆಲವು ವರ್ಷ ಮೊದಲೇ ನಿಂತಿತ್ತು.

ಹುಡುಗಿಯ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದು: ಮೊದಲ ವರ್ಷಗಳ ನಷ್ಟ ಎಲ್ಲ ಸಲವೂ ನಷ್ಟವಲ್ಲ, ಕೆಲವೊಮ್ಮೆ ಅದು ಕಲಿಕೆಯ ಶುಲ್ಕ. ಶಾಲೆಗೆ ಕಳಿಸಿದ ಮಗು ಮೊದಲ ವರ್ಷ ದುಡಿದು ತರುವುದಿಲ್ಲ. ಎರಡನೆಯ ಪ್ರಶ್ನೆಗೆ ಉತ್ತರ: ಶುಲ್ಕ ಕಟ್ಟಿ ಪರೀಕ್ಷೆ ನಡೆಸದಿದ್ದರೆ, ಅಥವಾ ಮಗು ಬೆಳೆದಂತೆ ದೊಡ್ಡ ಅಂಗಿ ಹೊಲಿಸದಿದ್ದರೆ, ಒಂದು ದಿನ ಮುಚ್ಚಬೇಕಾಗುತ್ತದೆ. ಭದ್ರಾವತಿಗೆ ಸಿಗದೆ ಹೋದದ್ದು ದೊಡ್ಡ ಅಂಗಿ. ಬೇರೆ ಅನೇಕ ಕಡೆ ಇಲ್ಲದೆ ಹೋದದ್ದು ಪರೀಕ್ಷೆ.

ಊದುಕುಲುಮೆಯ ಬಗ್ಗೆ ಮಕ್ಕಳಿಗೆ ಒಂದು ವಿಷಯ ತಪ್ಪದೆ ಹೇಳುತ್ತೇನೆ. ಅದನ್ನು ಒಲೆಯಂತೆ ಸಂಜೆ ಆರಿಸಿ ಬೆಳಿಗ್ಗೆ ಹಚ್ಚಲು ಬರುವುದಿಲ್ಲ. ವರ್ಷಗಟ್ಟಲೆ ಹಗಲಿರುಳು ಉರಿಯುತ್ತಲೇ ಇರಬೇಕು. ಮುನ್ನೆಚ್ಚರಿಕೆಯಿಲ್ಲದೆ ಆರಿದರೆ ತಳದಲ್ಲಿ ಉಳಿದ ಕಬ್ಬಿಣ ಬಂಡೆಯಂತೆ ಹೆಪ್ಪುಗಟ್ಟುತ್ತದೆ. ಅದನ್ನು ಒಡೆದು ತೆಗೆಯದೆ ಕುಲುಮೆ ಮತ್ತೆ ಕೆಲಸಕ್ಕೆ ಬಾರದು. ಕೆಲಸ ಬಲ್ಲ ಕೈಗಳೂ ಹಾಗೆಯೇ. ತಂದೆಯಿಂದ ಮಗನಿಗೆ, ಹಿರಿಯ ಫಿಟ್ಟರಿನಿಂದ ಕಿರಿಯನಿಗೆ ಹರಿಯುತ್ತಿದ್ದ ವಿದ್ಯೆ ಒಮ್ಮೆ ಹೆಪ್ಪುಗಟ್ಟಿದರೆ ಮತ್ತೆ ಕರಗಿಸಲು ಒಂದು ತಲೆಮಾರು ಬೇಕು.

ಈ ಸಲ ಪಾಠ ಮುಗಿದ ಮೇಲೆ ಅದೇ ಹುಡುಗಿಯ ತಂಗಿ ಕೈ ಎತ್ತಿದಳು. ‘ಹಾಗಾದ್ರೆ ಸಾರ್, ಹೊಸ ಕುಲುಮೆ ಕಟ್ಟೋದು ಸುಲಭವೋ, ಹಳೇದನ್ನ ಹೊತ್ತಿಸೋದು ಸುಲಭವೋ?’ ಗಂಟೆ ಹೊಡೆಯಿತು. ಉತ್ತರವನ್ನು ನಾಳೆ ಹೇಳುತ್ತೇನೆಂದು ಸೀಮೆಸುಣ್ಣ ಇಟ್ಟು ಹೊರಬಂದೆ.